ರಿಜಿಸ್ಟ್ರೇಶನ್ ಆತಲ್ಲ, ಇನ್ನೇನು?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಎಕ್ಸ್‌ಚೇಂಜ್ ಮೇಲೆ ಒಂದು ಸೆಮಿಸ್ಟರ್ ಹೊರದೇಶಕ್ಕೆ ಹೊರಟಿರೋ ಮಕ್ಕಳು, ಅವರ ಹಿಂದೆ ಅಪ್ಪ ಅಮ್ಮ. ಮೊದಲೆಲ್ಲ ವೀಸಾ ಹೆಂಗೆ, ಖರ್ಚು ಎಷ್ಟು, ಅಲ್ಲಿ ಅನ್ನ ಸಾರು ಸಿಗುತ್ತಾ ಅಂತ ಕೇಳೋರು. ಈಗ ಕ್ಲಾಸಿಗೆ ಹೆಸರು ಬರ್ಸೋದು ಹೆಂಗೆ ಅಂತ ಕೇಳ್ತಾ ಇದಾರೆ, ನಂಗೆ ಖುಷಿನೇ, ಯಾಕಂದ್ರೆ ನಾನು ಹೋದಾಗ ಮುಗ್ಗರಿಸಿ ಬಿದ್ದಿದ್ದು ಅಲ್ಲೇ. ಎಲ್ಲಾ ಪತ್ರಕ್ಕೂ ಇಲ್ಲಿ ಜಾಗ ಇಲ್ಲ, ನಾಲ್ಕು ತಗೊಂಡಿದೀನಿ.

ಪ್ರಶ್ನೆ: ಅಕ್ಕಾ ನಮಸ್ತೆ. ನಾನು ಇಲ್ಲೇ ದಾವಣಗೆರೆಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ 5ನೇ ಸೆಮ್. ಎಕ್ಸ್‌ಚೇಂಜಲ್ಲಿ ಜರ್ಮನಿಗೆ ವಿಂಟರ್ ಸೆಮಿಸ್ಟರ್‌ಗೆ ಸೆಲೆಕ್ಟ್ ಆಗಿದೀನಿ. ವೀಸಾ ಬಂತು, ಟಿಕೆಟ್ ಆತು. ಲರ್ನಿಂಗ್ ಅಗ್ರಿಮೆಂಟಲ್ಲಿ 6 ಸಬ್ಜೆಕ್ಟು, 30 ಕ್ರೆಡಿಟ್ಟು, ನಂದು, ಇಲ್ಲಿಯವರದು, ಅಲ್ಲಿಯವರದು ಮೂರೂ ಸೈನ್ ಆಗಿದಾವೆ. ಮೊನ್ನೆ ಅವರ ಪೋರ್ಟಲ್ ಲಾಗಿನ್ ಬಂತು ಅಂತ ಓಪನ್ ಮಾಡಿ ನೋಡಿದ್ರೆ ಒಂದು ಸಬ್ಜೆಕ್ಟು ಈ ಸೆಮಿಸ್ಟರಲ್ಲಿ ಇಲ್ವೇ ಇಲ್ಲ, ಎರಡು ಸಬ್ಜೆಕ್ಟು ಮಂಗಳವಾರ 10ರಿಂದ 12 ಒಂದೇ ಟೈಮಿಗೆ ಇದಾವೆ, ಒಂದು ಲ್ಯಾಬಿಗೆ ಕ್ಲಿಕ್ ಮಾಡಿದ್ರೆ ವೇಟಿಂಗ್ ಲಿಸ್ಟ್ 14 ಅಂತ ಬರ್ತೈತೆ. ಅಪ್ಪಾಜಿಗೆ ಹೇಳಿದ್ರೆ "ಸೈನ್ ಆಗೈತೆ, ರಿಜಿಸ್ಟ್ರೇಶನ್ ಆತಲ್ಲ, ಇನ್ನೇನು ಗೋಳು ನಿಂದು" ಅಂತಾರೆ. ಕಾಲೇಜಲ್ಲಿ ಕೇಳಿದ್ರೆ ಒಂದ್ಸಲ ಸೈನ್ ಆದ್ಮೇಲೆ ಚೇಂಜ್ ಮಾಡಂಗಿಲ್ಲ ಅಂದ್ರು. ಕ್ಯಾನ್ಸಲ್ ಮಾಡ್ಬಿಡ್ಲಾ ಅನ್ನಿಸ್ತೈತೆ. ಹೆಸರು ಹಾಕ್ಬೇಡಿ ಅಕ್ಕಾ.

ಉತ್ತರ: ತಂಗಿ, ಕ್ಯಾನ್ಸಲ್ ಗಿನ್ಸಲ್ ಮಾತು ಬಿಡು. ನೀನು ಹೇಳಿದ ಮೂರೂ ತೊಂದ್ರೆ ಅಲ್ಲಿಗೆ ಹೋಗೋ ಪ್ರತಿಯೊಬ್ಬರಿಗೂ ಆಗ್ತಾವೆ, ಅಲ್ಲಿಯವರೇ ಆದ ಹುಡುಗ್ರಿಗೂ ಆಗ್ತಾವೆ. ನಿಮ್ಮಪ್ಪಾಜಿ ಮಾತಲ್ಲಿ ಒಂದು ಪದ ಐತಲ್ಲ, ರಿಜಿಸ್ಟ್ರೇಶನ್ ಅಂತ, ಎಲ್ಲಾ ಗೋಜಲು ಆ ಒಂದು ಪದದ್ದೇ.

ನಮ್ಮ ಕಡೆ ಏನು? ಅಡ್ಮಿಶನ್ ಆತು ಅಂದ್ರೆ ಆತು. ನೋಟಿಸ್ ಬೋರ್ಡಿಗೆ ಟೈಮ್‌ಟೇಬಲ್ ಅಂಟಿಸ್ತಾರೆ, ಇಡೀ ಸೆಕ್ಷನ್ನು ಕುರಿಮಂದೆ ತರ ಒಂದೇ ರೂಮಿಗೆ ಹೋಗಿ ಕೂರುತ್ತೆ, ಸಾರ್‌ಗಳು ಒಬ್ಬೊಬ್ಬರಾಗಿ ಬಂದು ಹೋಗ್ತಾರೆ, ಪರೀಕ್ಷೆಗೆ ಫೀಸ್ ಕಟ್ಟಿ ಅಂತ ಕ್ಲಾಸಿಗೇ ಬಂದು ಹೇಳ್ತಾರೆ. ಅಲ್ಲಿ ನಿನ್ನ ಟೈಮ್‌ಟೇಬಲ್ ಯಾರೂ ಮಾಡಿ ಕೊಡಲ್ಲ. ಯೂನಿವರ್ಸಿಟಿಗೆ ಸೇರೋದು ಒಂದು ರಿಜಿಸ್ಟ್ರೇಶನ್ನು, ಒಂದೊಂದು ಕ್ಲಾಸಿಗೆ ಹೆಸರು ಬರ್ಸೋದು ಇನ್ನೊಂದು, ಆ ಕ್ಲಾಸಿನ ಪರೀಕ್ಷೆಗೆ ಹೆಸರು ಬರ್ಸೋದು ಮತ್ತೊಂದು. ಮೂರೂ ಬೇರೆ ಬೇರೆ ದಿನ, ಕೆಲವು ಕಡೆ ಬೇರೆ ಬೇರೆ ವೆಬ್‌ಸೈಟು. ಸಾಲದು ಅಂತ ಮನೆ ಸಿಕ್ಕ ಎರಡು ವಾರದೊಳಗೆ ಊರಿನ ಆಫೀಸಿಗೆ ಹೋಗಿ ನಾನು ಈ ವಿಳಾಸದಲ್ಲಿ ಇದೀನಿ ಅಂತ ಬರ್ಸ್ಬೇಕು, ಅದಕ್ಕೂ ಜರ್ಮನಲ್ಲಿ ಆನ್‌ಮೆಲ್ಡುಂಗ್ ಅಂತಾರೆ, ಪರೀಕ್ಷೆಗೆ ಬರ್ಸೋದಕ್ಕೂ ಆನ್‌ಮೆಲ್ಡುಂಗ್ ಅಂತಾರೆ. ನಂಗೆ ಯಾರೋ "ಆನ್‌ಮೆಲ್ಡುಂಗ್ ಆಯ್ತಾ" ಅಂತ ಕೇಳಿದಾಗ ಹೂಂ ಅಂದಿದ್ದೆ, ನಾನು ಹೇಳಿದ್ದು ಮನೆದು, ಅವರು ಕೇಳಿದ್ದು ಪರೀಕ್ಷೆದು. ಅದರ ಕಥೆ ಆಮೇಲೆ ಹೇಳ್ತೀನಿ.

ನಿನ್ನ ಲರ್ನಿಂಗ್ ಅಗ್ರಿಮೆಂಟ್ ಇದೆಯಲ್ಲ, ಅದು ಸೀಟಲ್ಲ. ನಾನು ಇಂಥಿಂಥವು ಓದಬೇಕು ಅಂತಿದೀನಿ, ಓದಿ ಪಾಸಾದ್ರೆ ಊರಲ್ಲಿ ಇವನ್ನ ಲೆಕ್ಕಕ್ಕೆ ತಗೋತಾರೆ ಅನ್ನೋ ಒಪ್ಪಂದ ಅಷ್ಟೇ. ಅಲ್ಲಿಯ ಕ್ಲಾಸ್‌ರೂಮಲ್ಲಿ ಅದರಿಂದ ಒಂದು ಕುರ್ಚಿನೂ ರಿಸರ್ವ್ ಆಗಲ್ಲ. ಇನ್ನು ಚೇಂಜ್ ಮಾಡಂಗಿಲ್ಲ ಅಂದ್ರಲ್ಲ, ಅವರಿಗೆ ಗೊತ್ತಿಲ್ಲದೆ ಅಂದಿರ್ತಾರೆ, ಬೈಬೇಡ. ಯುರೋಪಿನ ಆ ಫಾರಂ ಇರೋದೇ ಮೂರು ಭಾಗ, ಹೋಗೋ ಮುಂಚೆ, ಅಲ್ಲಿದ್ದಾಗ, ಬಂದ್ಮೇಲೆ. ನಡುವಿನ ಭಾಗ ಇರೋದೇ ಯಾವುದು ತೆಗೆದೆ ಯಾವುದು ಸೇರಿಸ್ದೆ ಅಂತ ಬರಿಯೋಕೆ, ಕ್ಲಾಸ್ ಶುರುವಾದ ಮೊದಲ ಕೆಲವು ವಾರದೊಳಗೆ ಬರೆದು ಮತ್ತೆ ಮೂರು ಸೈನ್ ಹಾಕ್ಸ್ಬೇಕು. ನಿಮ್ಮ ಕಾಲೇಜಿನ ಫಾರಂ ಬೇರೆ ಇದ್ರೂ ಪದ್ಧತಿ ಹೆಚ್ಚುಕಮ್ಮಿ ಇದೇ. ನೀನು ಈಗ ಮಾಡಬೇಕಾದ ಕೆಲಸ ಏನಪ್ಪಾ ಅಂದ್ರೆ, ವಿಮಾನ ಹತ್ತೋ ಮುಂಚೆ ಎಚ್‌ಒಡಿ ಹತ್ರ ಹೋಗಿ, ಸಾರ್ ನಾನು ಅಲ್ಲಿಂದ ಚೇಂಜ್ ಕಳ್ಸಿದ್ರೆ ಯಾರು ಸೈನ್ ಮಾಡ್ತಾರೆ, ಸ್ಕ್ಯಾನ್ ಕಾಪಿ ನಡಿಯುತ್ತಾ, ಯಾವ ಇಮೇಲಿಗೆ ಕಳ್ಸ್ಲಿ, ಈ ಮೂರು ಕೇಳಿ ಬರ್ಕೊಂಡು ಬಾ. ಅಲ್ಲಿ ಹೋದ್ಮೇಲೆ ಒಂದು ಸಬ್ಜೆಕ್ಟ್ ಬದಲಾದ್ರೂ ಇಮೇಲ್ ಹಾಕು, "ಓಕೆ" ಅಂತ ಒಂದೇ ಒಂದು ಸಾಲು ಉತ್ತರ ಬಂದ್ರೂ ಸಾಕು, ಅದನ್ನ ಪಿಡಿಎಫ್ ಮಾಡಿ ಇಟ್ಕೋ. ಫೋನಲ್ಲಿ "ಆಯ್ತಮ್ಮ ಮಾಡು, ನೋಡೋಣ" ಅಂದಿದ್ದು ಗಾಳಿಗೆ ಹೋದಂಗೆ, ನೀನು ವಾಪಸ್ ಬರೋವಷ್ಟರಲ್ಲಿ ಆ ಸಾರ್ ಟ್ರಾನ್ಸ್‌ಫರ್ ಆಗಿರ್ತಾರೆ.

ಈ ಸೆಮಿಸ್ಟರಲ್ಲಿ ಇಲ್ಲದ ಸಬ್ಜೆಕ್ಟ್ ಬಗ್ಗೆ. ಅಲ್ಲಿ ಬಹಳಷ್ಟು ಸಬ್ಜೆಕ್ಟು ವರ್ಷಕ್ಕೆ ಒಂದೇ ಸಲ. ಮಾಡ್ಯೂಲ್ ಹ್ಯಾಂಡ್‌ಬುಕ್ ಅಂತ ದಪ್ಪನೆ ಪಿಡಿಎಫ್ ಇರುತ್ತೆ, ಒಂದೊಂದು ಸಬ್ಜೆಕ್ಟಿಗೆ ಒಂದು ಎರಡು ಪುಟ. ಎಲ್ಲರೂ ಮೇಲಿನ ಸಿಲಬಸ್ ಮಾತ್ರ ಓದ್ತಾರೆ. ನೀನು ಕೆಳಗೆ ಹೋಗಿ ಟುರ್ನುಸ್ ಅಂತ ಒಂದು ಸಾಲು ಹುಡುಕು, ಅಲ್ಲಿ ಡಬ್ಲ್ಯೂ ಎಸ್ ಅಂತಿದ್ರೆ ವಿಂಟರಲ್ಲಿ ಮಾತ್ರ, ಎಸ್ ಎಸ್ ಅಂತಿದ್ರೆ ಸಮ್ಮರಲ್ಲಿ ಮಾತ್ರ. ಅದರ ಅಕ್ಕಪಕ್ಕ ಪಾಠದ ಭಾಷೆ ಯಾವುದು ಅಂತನೂ ಇರುತ್ತೆ, ಹೆಸರು ಇಂಗ್ಲಿಷಲ್ಲಿ ಇದ್ದು ಪಾಠ ಜರ್ಮನಲ್ಲಿ ನಡಿಯೋ ಸಬ್ಜೆಕ್ಟುಗಳು ಬೇಕಾದಷ್ಟಿದಾವೆ. ಪರೀಕ್ಷೆ ಬರವಣಿಗೆದೋ ಬಾಯಿಮಾತಿಂದೋ ಅದೂ ಅಲ್ಲೇ. ಇವತ್ತೇ ಕೂತು 6ರ ಬದಲು ಒಂದು 9 ಸಬ್ಜೆಕ್ಟಿನ ಪಟ್ಟಿ ಮಾಡು, ಒಂಬತ್ತಕ್ಕೂ ಇಲ್ಲಿಯವರ ಹತ್ರ "ಇದಾದ್ರೆ ಇದಕ್ಕೆ ಬದಲಿ ನಡಿಯುತ್ತೆ" ಅಂತ ಒಪ್ಪಿಸ್ಕೋ. ಅಲ್ಲಿ ಹೋಗಿ ಮೂರು ಬಿದ್ದೋದ್ರೂ ಕೈಯಲ್ಲಿ ಆರು ಉಳೀತಾವೆ.

ಮಂಗಳವಾರದ ಜಗಳಕ್ಕೆ ಬರೋಣ. ಮೊದಲು ಒಂದು ವಿಷ್ಯ, ಅಲ್ಲಿ 10ರಿಂದ 12 ಅಂತ ಇದ್ರೆ ಸಾಮಾನ್ಯವಾಗಿ ಪಾಠ ಶುರುವಾಗೋದು 10:15ಕ್ಕೆ, ಮುಗಿಯೋದು 11:45ಕ್ಕೆ. ಟೈಮ್ ಪಕ್ಕ ಸಿ ಟಿ ಅಂತ ಎರಡಕ್ಷರ ಇದ್ರೆ ಕಾಲು ಗಂಟೆ ತಡವಾಗಿ ಅಂತ, ಎಸ್ ಟಿ ಅಂತಿದ್ರೆ ಸರಿಯಾಗಿ ಆ ಗಂಟೆಗೇ ಅಂತ. ಹಂಗಾಗಿ 10–12 ಒಂದು, 12–14 ಇನ್ನೊಂದು ಇದ್ರೆ ಮಧ್ಯೆ ಅರ್ಧ ಗಂಟೆ ಸಿಗುತ್ತೆ, ಗಾಬರಿ ಬೇಡ. ನಿಂದು ನಿಜವಾಗ್ಲೂ ಒಂದೇ ಟೈಮಿಗೆ ಬಿದ್ದಿದಾವೆ ಅಂದ್ರೆ ಎರಡೂ ಏನು ಅಂತ ನೋಡು. ಫೋರ್‌ಲೇಸುಂಗ್ ಅಂದ್ರೆ ದೊಡ್ಡ ಹಾಲಲ್ಲಿ ಪಾಠ, ಊಬುಂಗ್ ಅಂದ್ರೆ ಲೆಕ್ಕ ಬಿಡಿಸೋ ಕ್ಲಾಸು, ಪ್ರಾಕ್ಟಿಕುಮ್ ಅಂದ್ರೆ ಲ್ಯಾಬು. ಊಬುಂಗ್ ಆದ್ರೆ ಒಂದೇ ಸಬ್ಜೆಕ್ಟಿಗೆ ನಾಲ್ಕೈದು ಗ್ರೂಪ್ ಇರುತ್ತೆ, ಗುರುವಾರದ ಗ್ರೂಪಿಗೆ ಹೋಗು, ಮುಗೀತು. ಎರಡೂ ಫೋರ್‌ಲೇಸುಂಗ್ ಆದ್ರೆ ಸಾಮಾನ್ಯವಾಗಿ ಅದಕ್ಕೆ ಹಾಜರಿ ತಗೊಳ್ಳಲ್ಲ, 75 ಪರ್ಸೆಂಟ್ ಅಟೆಂಡೆನ್ಸ್ ಅನ್ನೋ ಭಯದಲ್ಲಿ ಬೆಳೆದ ನಮಗೆ ಇದು ನಂಬೋಕೇ ಆಗಲ್ಲ, ಆದ್ರೆ ಹಂಗೇ. ಯಾವುದರ ವಿಡಿಯೋ ಅಥವಾ ನೋಟ್ಸ್ ಸಿಗುತ್ತೋ ಅದನ್ನ ಮನೇಲಿ ನೋಡ್ಕೊಂಡು ಇನ್ನೊಂದಕ್ಕೆ ಹೋಗಬಹುದು. ಲ್ಯಾಬು ಸೆಮಿನಾರು ಮಾತ್ರ ತಪ್ಪಿಸಂಗಿಲ್ಲ. ಎರಡರ ಪರೀಕ್ಷೆ ಒಂದೇ ದಿನ ಬಿದ್ದಿಲ್ಲ ತಾನೇ ಅಂತ ಅದನ್ನೂ ನೋಡ್ಕೋ.

ಲ್ಯಾಬ್ ವೇಟಿಂಗ್ ಲಿಸ್ಟ್ 14. ತಂಗಿ, ನೀನು ದಾವಣಗೆರೆಯೋಳು, ಇದನ್ನ ನಿಂಗೆ ಹೇಳಿಕೊಡಬೇಕಾ? ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ ಹೋಟ್ಲಿಗೆ ಹೋದ್ರೆ ಏನ್ ಮಾಡ್ತೀವಿ, ತಿಂತಾ ಇರೋರ ಕುರ್ಚಿ ಹಿಂದೆ ಹೋಗಿ ನಿಲ್ತೀವಿ, ಅವರು ಕೊನೆ ತುತ್ತಿಗೆ ಚಟ್ನಿ ಬಳ್ಕೊಳ್ಳೋವಾಗ್ಲೇ ಕುರ್ಚಿ ಮೇಲೆ ಕೈ ಇಡ್ತೀವಿ. ಅಲ್ಲೂ ಅಷ್ಟೇ. ಹೊರಗೆ ನಿಂತೋನಿಗೆ ಸೀಟ್ ಸಿಗಲ್ಲ. ಮೊದಲ ದಿನ ಲ್ಯಾಬಿಗೆ ಹೋಗಿ ಕೂತ್ಕೋ, ಹೆಸರು ಇದ್ದೂ ಮೊದಲ ದಿನ ಬರದವರ ಸೀಟು ತೆಗೆದು ಬಂದವರಿಗೆ ಕೊಡೋದು ಬಹಳ ಕಡೆ ರೂಢಿ, ಎರಡನೇ ವಾರಕ್ಕೆ ಇನ್ನಷ್ಟು ಜನ ಬಿಟ್ಟು ಹೋಗ್ತಾರೆ. ಹೋಗೋ ಮುಂಚೆ ಪ್ರೊಫೆಸರಿಗೆ ಒಂದು ಇಮೇಲ್ ಹಾಕು. ನಮ್ಮ ತರ "ರೆಸ್ಪೆಕ್ಟೆಡ್ ಸರ್, ತಮ್ಮ ಪಾದಾರವಿಂದಗಳಿಗೆ" ಅಂತ ಅರ್ಧ ಪುಟ ಬೇಡ. ಹೆಸರು, ಮೆಟ್ರಿಕ್ಯುಲೇಶನ್ ನಂಬರು (ಎಸ್ಸೆಸ್ಸೆಲ್ಸಿದಲ್ಲ, ಆ ಯೂನಿವರ್ಸಿಟಿ ನಿಂಗೆ ಕೊಡೋ ಸ್ಟೂಡೆಂಟ್ ನಂಬರು), ಎಕ್ಸ್‌ಚೇಂಜ್ ಸ್ಟೂಡೆಂಟು ಒಂದೇ ಸೆಮಿಸ್ಟರ್ ಇರೋದು, ಕೋರ್ಸ್ ನಂಬರು, ವೇಟಿಂಗ್ ಲಿಸ್ಟಲ್ಲಿ ಇದೀನಿ ಮೊದಲ ದಿನ ಬರಬಹುದಾ, ಇಷ್ಟೇ, ನಾಲ್ಕು ಸಾಲು. ಒಂದೇ ಸೆಮಿಸ್ಟರ್ ಅನ್ನೋದನ್ನ ಮರೀಬೇಡ, ಅಲ್ಲಿಯ ಹುಡುಗ್ರು ಮುಂದಿನ ವರ್ಷ ತಗೋಬಹುದು, ನಿಂಗೆ ಮುಂದಿನ ವರ್ಷ ಇಲ್ಲ ಅಂತ ಅವರಿಗೆ ಗೊತ್ತಾಗ್ಲಿ.

ಈಗ ನನ್ನ ಕಥೆ. ಒಂದು ಸಬ್ಜೆಕ್ಟು, ಪೂರ್ತಿ ಸೆಮಿಸ್ಟರ್ ಒಂದು ದಿನ ಬಿಡದೆ ಹೋಗಿದೀನಿ, ಮುಂದಿನ ಬೆಂಚು, ಪ್ರೊಫೆಸರಿಗೆ ನನ್ನ ಹೆಸರು ಗೊತ್ತು, ಪಾಠ ಮುಗಿದಾಗ ಅಲ್ಲಿ ಚಪ್ಪಾಳೆ ಹೊಡಿಯಲ್ಲ, ಬೆರಳ ಗೆಣ್ಣಲ್ಲಿ ಡೆಸ್ಕ್ ಕುಟ್ತಾರೆ, ನಾನೂ ಎಲ್ಲರ ಜೊತೆ ಕುಟ್ಟಿದ್ದೇ ಕುಟ್ಟಿದ್ದು. ಫೆಬ್ರವರಿ ಪರೀಕ್ಷೆ ದಿನ ಹೋಗಿ ಕೂತೆ. ಪಟ್ಟಿಲಿ ನನ್ನ ಹೆಸರಿಲ್ಲ. ಪರೀಕ್ಷೆಗೆ ಬರ್ಸೋ ಕಿಟಕಿ ಡಿಸೆಂಬರಲ್ಲೇ ಮುಚ್ಚಿತ್ತು, ನಾನು ಕ್ಲಾಸಿಗೆ ಬರ್ಸಿದ್ನಲ್ಲ ಪರೀಕ್ಷೆ ತಾನಾಗೇ ಬರುತ್ತೆ ಅಂತ ಇದ್ದೆ. ಆ ಪ್ರೊಫೆಸರ್ ಪಾಪ ಒಳ್ಳೆಯವರು, ಎದ್ದು ಬಾಗಿಲ ತನಕ ಬಂದು ಸಾರಿ ಅಂದ್ರು, ಆದ್ರೆ ಪೇಪರ್ ಕೊಡಲಿಲ್ಲ. ಪರೀಕ್ಷಾ ಆಫೀಸಿಗೆ ಹೋದೆ, ಅಲ್ಲಿ ಅತ್ತೆ, ಅಳೋಕೆ ಅಲ್ಲಿ ಯಾವ ಕಾಲಮ್ಮೂ ಇರಲಿಲ್ಲ. 6 ಕ್ರೆಡಿಟ್ ಹೋತು, ಊರಿಗೆ ಬಂದು ಆ ಸಬ್ಜೆಕ್ಟನ್ನ ಜೂನಿಯರ್‌ಗಳ ಜೊತೆ ಕೂತು ಬರೆದೆ. ಹಂಗಾಗಿ ನಿಂಗೆ ಕೈಮುಗಿದು ಹೇಳ್ತೀನಿ, ಹೋದ ಮೊದಲ ವಾರವೇ ಪರೀಕ್ಷೆ ರಿಜಿಸ್ಟ್ರೇಶನ್ ಯಾವತ್ತಿಂದ ಯಾವತ್ತಿನ ತನಕ ಅಂತ ಕೇಳಿ ಫೋನಲ್ಲಿ ಅಲಾರಂ ಇಡು. ಕೆಲವು ಕಡೆ ನವೆಂಬರ್, ಕೆಲವು ಕಡೆ ಜನವರಿ, ಒಂದೇ ಯೂನಿವರ್ಸಿಟಿಲಿ ಡಿಪಾರ್ಟ್‌ಮೆಂಟಿಂದ ಡಿಪಾರ್ಟ್‌ಮೆಂಟಿಗೆ ಬೇರೆ ಇರುತ್ತೆ. ಬರ್ಸಿದ್ಮೇಲೆ ಕನ್ಫರ್ಮ್ ಆಗಿರೋ ಪೇಜಿನ ಸ್ಕ್ರೀನ್‌ಶಾಟ್ ತೆಗಿ.

ಟೈಮ್ ಬಗ್ಗೆನೂ ಒಂದು ಮಾತು. ಅಲ್ಲಿ ಅಕ್ಟೋಬರ್ ಕೊನೆ ಭಾನುವಾರದ ತನಕ ನಮಗಿಂತ ಮೂರೂವರೆ ಗಂಟೆ ಹಿಂದೆ, ಆಮೇಲೆ ನಾಲ್ಕೂವರೆ. ಪೋರ್ಟಲ್ 00:00ಕ್ಕೆ ಓಪನ್ ಅಂತಿದ್ರೆ ದಾವಣಗೆರೆಲಿ ಬೆಳಗಿನ ಜಾವ 3:30. ಇಲ್ಲಿರೋವಾಗ್ಲೇ ಯಾವುದಾದ್ರೂ ಓಪನ್ ಆದ್ರೆ ನಿದ್ದೆಗೆಟ್ಟು ಕೂರು, ಮೊದಲು ಬಂದವರಿಗೆ ಮೊದಲು ಅನ್ನೋ ಕ್ಲಾಸುಗಳು ಬೆಳಗಾಗೋದ್ರೊಳಗೆ ತುಂಬಿರ್ತಾವೆ. ಹೆಲ್ತ್ ಇನ್ಶೂರೆನ್ಸ್ ಪ್ರೂಫ್ ಹೋಗದೆ ಅಲ್ಲಿ ಎನ್‌ರೋಲ್‌ಮೆಂಟ್ ಪೂರ್ತಿ ಆಗಲ್ಲ, ಅದಾಗದೆ ಕೆಲವು ಕಡೆ ಪೋರ್ಟಲಲ್ಲಿ ಕ್ಲಾಸ್ ಬಟನ್ನೇ ಕಾಣಲ್ಲ, ಅದನ್ನ ಮೊದಲು ಮುಗಿಸು.

ಆರು ಸಬ್ಜೆಕ್ಟ್ ಜಾಸ್ತಿ ಆತು ಅಂತ ನನ್ನ ಅಭಿಪ್ರಾಯ. ಅಲ್ಲಿಯ 1 ಕ್ರೆಡಿಟ್ ಅಂದ್ರೆ 25ರಿಂದ 30 ಗಂಟೆ ಕೆಲಸ ಅಂತ ಲೆಕ್ಕ, ಕ್ಲಾಸು, ಓದು, ಪರೀಕ್ಷೆ ಎಲ್ಲಾ ಸೇರಿ. 30 ಕ್ರೆಡಿಟ್ ಅಂದ್ರೆ 750ರಿಂದ 900 ಗಂಟೆ. ನಮ್ಮಲ್ಲಿ ಇಂಜಿನಿಯರಿಂಗ್ ಕಾಲೇಜುಗಳನ್ನ ನೋಡ್ಕೊಳ್ಳೋ ಎಐಸಿಟಿಇ ಮಾದರಿ ಪ್ರಕಾರ ನಾಲ್ಕು ವರ್ಷಕ್ಕೆ 160, ಅಂದ್ರೆ ಸೆಮಿಸ್ಟರಿಗೆ ಸುಮಾರು 20, ಆದ್ರೆ ನಮ್ಮ ಕ್ರೆಡಿಟ್ ಎಣಿಸೋದು ಕ್ಲಾಸಲ್ಲಿ ಕೂತ ಗಂಟೆ ಮೇಲೆ. ಎರಡರ ಅಳತೆನೇ ಬೇರೆ, ಸೇರು ಬೇರೆ ಕೆಜಿ ಬೇರೆ ಇದ್ದಂಗೆ. ನಿಮ್ಮ ಕಾಲೇಜು ಅಲ್ಲಿಯ ಎಷ್ಟಕ್ಕೆ ಇಲ್ಲಿಯ ಎಷ್ಟು ಕೊಡುತ್ತೆ ಅಂತ ಬರವಣಿಗೆಲಿ ತಗೋ, ಕಡಿಮೆ ಸಾಕು ಅಂದ್ರೆ ಐದು ತಗೊಂಡು ಜೊತೆಗೆ ಒಂದು ಜರ್ಮನ್ ಭಾಷಾ ಕ್ಲಾಸ್ ಸೇರ್ಕೋ. ಬ್ರೆಡ್ ಅಂಗಡಿಲಿ ಮಾತಾಡೋಕಾದ್ರೂ ಬರುತ್ತೆ.

ಮತ್ತೆ, ವಾಪಸ್ ಟಿಕೆಟ್ ಫೆಬ್ರವರಿ ಮೊದಲ ವಾರಕ್ಕೆ ಮಾಡ್ಸಿದ್ರೆ ಅಪ್ಪಾಜಿಗೆ ಹೇಳಿ ಮುಂದಕ್ಕೆ ಹಾಕ್ಸು. ಪಾಠ ಮುಗಿಯೋದೇ ಫೆಬ್ರವರಿ ಮಧ್ಯಕ್ಕೆ, ಪರೀಕ್ಷೆ ಅದರ ಅಕ್ಕಪಕ್ಕ, ಕೆಲವು ಮಾರ್ಚಿಗೂ ಹೋಗ್ತಾವೆ.

ಪ್ರಶ್ನೆ: ಮೇಡಂ ಅವರಿಗೆ ನಮಸ್ಕಾರ. ನಾವು ಚಿತ್ರದುರ್ಗದವರು, ನಾನು ಮನೇಲೇ ಬ್ಲೌಸ್ ಹೊಲೀತೀನಿ. ಮಗಳು ಎಂಎಸ್ಸಿ, ಆಗಸ್ಟ್ ಕೊನೆಗೆ ಸ್ವೀಡನ್‌ಗೆ ಎಕ್ಸ್‌ಚೇಂಜ್ ಅಂತ ಹೋಗಿದಾಳೆ. ಮಧ್ಯಾಹ್ನ ಊಟ ಆದ್ಮೇಲೆ ಎರಡೂವರೆಗೆ ವಿಡಿಯೋ ಕಾಲ್ ಮಾಡಿದ್ರೆ ಯಾವಾಗ್ಲೂ ರೂಮಲ್ಲೇ ಇರ್ತಾಳೆ, ಅಲ್ಲಿ ಆಗ ಬೆಳಿಗ್ಗೆ ಹನ್ನೊಂದಂತೆ. ಕ್ಲಾಸಿಲ್ವಾ ಅಂದ್ರೆ ಎರಡೇ ಸಬ್ಜೆಕ್ಟಮ್ಮ ಅಂತಾಳೆ. ಎರಡೇ ಸಬ್ಜೆಕ್ಟಿಗೆ ಅಷ್ಟು ದೂರ ಹೋಗ್ಬೇಕಿತ್ತಾ? ಸುಳ್ಳು ಹೇಳ್ತಿದಾಳಾ ಅಂತ ನನಗೆ ಅನುಮಾನ.

ಉತ್ತರ: ಅಮ್ಮಾ, ನಿಮ್ಮ ಹುಡುಗಿ ಸುಳ್ಳು ಹೇಳ್ತಿಲ್ಲ. ಸ್ವೀಡನ್ನಲ್ಲಿ ಆರು ಸಬ್ಜೆಕ್ಟನ್ನ ಜೂನ್ ತಿಂಗಳ ರಾಗಿ ಸಜ್ಜೆ ತರ ಒಟ್ಟಿಗೆ ಬಿತ್ತಲ್ಲ. ಒಂದು ಸೆಮಿಸ್ಟರ್ 20 ವಾರ, 30 ಕ್ರೆಡಿಟ್. ಬಹಳಷ್ಟು ಕೋರ್ಸು ಏಳೂವರೆ ಕ್ರೆಡಿಟ್ಟಿಂದು. ಎರಡು ಕೋರ್ಸು ಜೊತೆಗೆ ಶುರು ಮಾಡಿ ಸುಮಾರು 10 ವಾರದಲ್ಲಿ ಪರೀಕ್ಷೆ ಸಮೇತ ಮುಗಿಸ್ತಾರೆ, ಆಮೇಲೆ ಇನ್ನೆರಡು. ಕೆಲವು ಕಡೆ ಒಂದೇ ಒಂದು ಕೋರ್ಸು, ಐದು ವಾರ, ಪರೀಕ್ಷೆ, ಮುಂದಿಂದು. ಒಟ್ಟು ನಾಲ್ಕೇ ಆದ್ರೂ ಪೂರ್ತಿ ಲೆಕ್ಕ. ಫುಲ್‌ಟೈಮ್ ಓದು ಅಂದ್ರೆ ವಾರಕ್ಕೆ 40 ಗಂಟೆ ಅಂತ ಅವರ ಅಂದಾಜು, ಅದರಲ್ಲಿ ಕ್ಲಾಸಲ್ಲಿ ಕೂರೋದು ಕಾಲು ಭಾಗ ಇದ್ರೂ ಇರಬಹುದು, ಉಳಿದಿದ್ದು ಓದೋದು ಬರಿಯೋದು ಗ್ರೂಪ್ ಕೆಲಸ. ಹನ್ನೊಂದು ಗಂಟೆಗೆ ರೂಮಲ್ಲಿ ಇದಾಳೆ ಅಂದ್ರೆ ಓದ್ತಾ ಇರಬಹುದು. ಮಲಗಿರಲೂಬಹುದು, ಅದನ್ನ ನಾನು ಹೇಳೋಕಾಗಲ್ಲ.

ಆದ್ರೆ ನಿಮಗೆ ಅನುಮಾನ ಇದ್ರೆ ಕೇಳೋ ಪ್ರಶ್ನೆ ಬೇರೆ. ಅಲ್ಲಿ ಲಾಡೋಕ್ ಅಂತ ಒಂದು ಸಿಸ್ಟಮ್ ಐತೆ, ದೇಶಕ್ಕೆಲ್ಲಾ ಅದೇ. ಕೋರ್ಸಿಗೆ ಅಡ್ಮಿಶನ್ ಸಿಕ್ಕಿದ್ರೂ ಅದು ಶುರುವಾಗೋ ಹೊತ್ತಿಗೆ, ಅವರು ಹೇಳಿದ ದಿನಗಳೊಳಗೆ, ಲಾಡೋಕಲ್ಲಿ ಹೋಗಿ ತಾನೇ ರಿಜಿಸ್ಟರ್ ಆಗ್ಬೇಕು, ಆಗದಿದ್ರೆ ಸೀಟು ರಿಸರ್ವ್ ಪಟ್ಟಿಲಿ ಇರೋರಿಗೆ ಹೋಗಬಹುದು. ಬರೀ ಕ್ಲಾಸಿಗೆ ಹೋಗಿ ಕೂತ್ರೆ ಲೆಕ್ಕಕ್ಕಿಲ್ಲ. ಪರೀಕ್ಷೆಗೂ ಬಹಳ ಕಡೆ ಬೇರೆ ಹೆಸರು ಬರ್ಸ್ಬೇಕು, ಪರೀಕ್ಷೆಗೆ ಎರಡು ವಾರ ಮುಂಚೆನೇ ಬಾಗಿಲು ಹಾಕೋದೂ ಉಂಟು. ನಿಮ್ಮೂರಿನ ಕೋಟೆ ಬಾಗಿಲು ಗೊತ್ತಲ್ಲ, ಒಂದರ ಎದುರಿಗೆ ಇನ್ನೊಂದಿಲ್ಲ, ಒಳಗೆ ಹೋಗಿ ತಿರುಗಿದ್ಮೇಲೇನೇ ಮುಂದಿಂದು ಕಾಣೋದು, ಹಂಗೆ. ಮುಂದಿನ ಸಲ ಕಾಲ್ ಮಾಡಿದಾಗ "ಊಟ ಆತಾ" ಆದ್ಮೇಲೆ, "ನವೆಂಬರ್ ಕೋರ್ಸಿಗೆ ಲಾಡೋಕಲ್ಲಿ ರಿಜಿಸ್ಟರ್ ಆಗ್ಬೇಕಲ್ವೇನೆ, ಡೇಟ್ ಯಾವಾಗ" ಅಂತ ಕೇಳಿ ನೋಡಿ. ಅವಳು ಬೆಚ್ಚಿ ಬೀಳದಿದ್ರೆ ನನಗೆ ಪತ್ರ ಬರೀರಿ.

ಶರತ್ಕಾಲದ ಸೆಮಿಸ್ಟರ್ ಮುಗಿಯೋದು ಜನವರಿ ಮಧ್ಯಕ್ಕೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ತಿನ್ನೋಕೆ ಬರ್ತಾಳೆ ಅಂತ ಲೆಕ್ಕ ಹಾಕೋ ಮುಂಚೆ ಕೊನೆ ಪರೀಕ್ಷೆ ದಿನ ಕೇಳ್ಕೊಳ್ಳಿ. ಫೇಲಾದ್ರೆ ಮತ್ತೆ ಬರಿಯೋ ಅವಕಾಶ ಕೊಡ್ತಾರೆ, ಆದ್ರೆ ಅದು ಅವಳು ಚಿತ್ರದುರ್ಗಕ್ಕೆ ಬಂದ್ಮೇಲೆ ಇರುತ್ತೆ.

ಪ್ರಶ್ನೆ: ಅಕ್ಕಾ, ನಾನು ಚಳ್ಳಕೆರೆಯವನು, ಜನವರಿಗೆ ಅಮೆರಿಕಕ್ಕೆ ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್, ಜೆ-1 ವೀಸಾ. ನವೆಂಬರಲ್ಲಿ ಕ್ಲಾಸ್ ರಿಜಿಸ್ಟ್ರೇಶನ್ ಅಂತೆ. ಈಗ್ಲೇ ಲಾಗಿನ್ ಆಗಿ ನೋಡಿದ್ರೆ ಕೆಂಪಕ್ಷರದಲ್ಲಿ ಹೋಲ್ಡ್ ಅಂತ ಬರ್ತೈತೆ, ಇಮ್ಯುನೈಸೇಶನ್ ಅಂತ ಕೆಳಗೆ ಸಣ್ಣದಾಗಿ. ಫೀಸ್ ಬಾಕಿ ಇಲ್ಲ. ಇದೇನು?

ಉತ್ತರ: ತಮ್ಮಾ, ಇದು ಕ್ಲಾಸಿನ ವಿಷ್ಯ ಅಲ್ಲ, ಸೂಜಿ ವಿಷ್ಯ. ಅಲ್ಲಿ ಹೋಲ್ಡ್ ಅಂದ್ರೆ ಬೀಗ, ಯಾವ ಆಫೀಸು ಹಾಕಿರುತ್ತೋ ಅವರೇ ತೆಗೀಬೇಕು, ಬೇರೆ ಯಾರಿಗೆ ಮೇಲ್ ಮಾಡಿದ್ರೂ ಉಪಯೋಗ ಇಲ್ಲ. ನಿಂದು ಹೆಲ್ತ್ ಸೆಂಟರಿನ ಬೀಗ. ಎಂಎಂಆರ್ ಲಸಿಕೆ ಎರಡು ಡೋಸ್ ಆಗಿರೋ ದಾಖಲೆ ಕೇಳ್ತಿದಾರೆ, ದಡಾರ, ಮಂಪ್ಸ್, ರುಬೆಲ್ಲಾ ಮೂರಕ್ಕೂ.

ನಿಮ್ಮಮ್ಮನ ಹತ್ರ ತಾಯಿ ಕಾರ್ಡ್ ಇದ್ರೆ ತೆಗಿಸಿ ನೋಡು. ಅದರಲ್ಲಿ ದಡಾರದ್ದು ಒಂದೋ ಎರಡೋ ಇರುತ್ತೆ, ಮಂಪ್ಸ್ ಇರಲ್ಲ, ಸರ್ಕಾರದ ಪಟ್ಟಿಲಿ ಅದು ಇರಲೇ ಇಲ್ಲ. 2017ರ ಫೆಬ್ರವರಿಲಿ ನಮ್ಮ ರಾಜ್ಯದ ಸ್ಕೂಲುಗಳಲ್ಲೆಲ್ಲಾ ಲೈನಲ್ಲಿ ನಿಲ್ಲಿಸಿ ಇಂಜೆಕ್ಷನ್ ಕೊಟ್ರಲ್ಲ, ನೀನು ಆಗ ಆರನೇ ಕ್ಲಾಸೋ ಏಳನೇ ಕ್ಲಾಸೋ ಇದ್ದಿರ್ತೀಯ, ಮೈದಾನದ ತನಕ ಓಡಿದ ಹುಡುಗರನ್ನ ಪಿಟಿ ಮೇಷ್ಟ್ರು ಹಿಡ್ಕೊಂಡು ಬಂದಿದ್ದು ನೆನಪಿರ್ಬೇಕು, ಅದು ಎಂಆರ್, ದಡಾರ ರುಬೆಲ್ಲಾ ಎರಡಕ್ಕೇ, ಅದರಲ್ಲೂ ಮಂಪ್ಸ್ ಇಲ್ಲ. ಹಂಗಾಗಿ ಹಳೇ ಕಾರ್ಡ್ ಹಿಂದೆ ಬಿದ್ದು ಅಟ್ಟ ಹುಡುಕೋಕಿಂತ ಮಕ್ಕಳ ಡಾಕ್ಟರ್ ಹತ್ರ ಹೋಗಿ ಎಂಎಂಆರ್ ಕೇಳು. ಎರಡು ಡೋಸಿನ ಮಧ್ಯೆ ಕನಿಷ್ಠ 28 ದಿನ ಇರಬೇಕು. ಈಗ ಹಾಕ್ಸ್ಕೊಂಡ್ರೆ ನವೆಂಬರಿಗೆ ಸರಿಹೋಗುತ್ತೆ, ದೀಪಾವಳಿ ಆಗ್ಲಿ ಅಂತ ಕೂತ್ರೆ ರಿಜಿಸ್ಟ್ರೇಶನ್ ತಪ್ಪುತ್ತೆ. ಇಲ್ಲಾಂದ್ರೆ ರಕ್ತ ಪರೀಕ್ಷೆ ಮಾಡ್ಸಿ ರೋಗನಿರೋಧಕ ಇದೆ ಅಂತ ತೋರ್ಸಿದ್ರೂ ಬಹಳ ಕಡೆ ಒಪ್ತಾರೆ. ಟಿಬಿ ಪರೀಕ್ಷೆನೂ ಕೇಳಬಹುದು, ಹಂಗೇನಾದ್ರೂ ಕೇಳಿದ್ರೆ ರಕ್ತದ ಪರೀಕ್ಷೆನೇ ಮಾಡ್ಸು, ನಮಗೆಲ್ಲಾ ಹುಟ್ಟಿದಾಗ ತೋಳಿಗೆ ಬಿಸಿಜಿ ಹಾಕಿರೋದ್ರಿಂದ ಚರ್ಮದ ಪರೀಕ್ಷೆ ಸುಮ್ಮಸುಮ್ನೆ ಪಾಸಿಟಿವ್ ಬರೋ ಸಾಧ್ಯತೆ ಐತೆ.

ಅವರ ಫಾರಮ್ಮಲ್ಲೇ ಡಾಕ್ಟರ್ ಸೈನು ಸೀಲು ಹಾಕ್ಸು. ತಾರೀಕು ಬರೆಸೋವಾಗ ಹುಷಾರು. ಅವರು ತಿಂಗಳು ಮೊದಲು ಬರೀತಾರೆ. ನಮ್ಮ ಡಾಕ್ಟರ್ 05/10 ಅಂತ ಬರೆದ್ರೆ ನಮಗೆ ಅಕ್ಟೋಬರ್ 5, ಅವರಿಗೆ ಮೇ 10. ತಿಂಗಳನ್ನ ಅಕ್ಷರದಲ್ಲೇ ಬರೆಸು.

ಬೀಗ ತೆಗೆದ್ಮೇಲೆ ಇನ್ನೊಂದು ತೊಡಕು ಬರುತ್ತೆ, ಈಗ್ಲೇ ಹೇಳಿರ್ತೀನಿ. 300, 400 ನಂಬರಿನ ಕೋರ್ಸ್ ಕ್ಲಿಕ್ ಮಾಡಿದ್ರೆ ಪ್ರಿರಿಕ್ವಿಸಿಟ್, ಅಂದ್ರೆ ಅದಕ್ಕೂ ಮುಂಚೆ ಓದಿರಬೇಕಾದ ಸಬ್ಜೆಕ್ಟು, ಇಲ್ಲ ಅಂತ ಕಂಪ್ಯೂಟರ್ ತಳ್ಳಿಬಿಡುತ್ತೆ. ನೀನು ಅದನ್ನ ಇಲ್ಲಿ ಓದಿರ್ತೀಯ, ಆದ್ರೆ ಅದು ಅದಕ್ಕೆ ಗೊತ್ತಿಲ್ಲ. ಅಲ್ಲಿಯ ಎಕ್ಸ್‌ಚೇಂಜ್ ಅಡ್ವೈಸರಿಗೆ ನಿನ್ನ ಮಾರ್ಕ್ಸ್‌ಕಾರ್ಡು, ಇಲ್ಲಿಯ ಸಿಲಬಸ್ ಪುಟ ಕಳ್ಸಿ ಓವರ್‌ರೈಡ್ ಕೇಳು, ಕೈಯಲ್ಲಿ ಒಳಗೆ ಹಾಕ್ತಾರೆ. ಡಿಗ್ರಿ ಹುಡುಗರಿಗೆ ಸಾಮಾನ್ಯವಾಗಿ ಕನಿಷ್ಠ 12 ಕ್ರೆಡಿಟ್ ಇರಲೇಬೇಕು, ಅದು ವೀಸಾಗೆ ಅಂಟಿಕೊಂಡಿರೋದು. ಕ್ಲಾಸ್ ಹಿಡಿಸಲಿಲ್ಲ ಅಂದ್ರೆ ಮೊದಲ ಒಂದೆರಡು ವಾರದ ಆಡ್-ಡ್ರಾಪ್ ಟೈಮಲ್ಲಿ ಬಿಟ್ಟು ಬೇರೆ ತಗೋ. ಅದು ದಾಟಿದ್ಮೇಲೆ ಬಿಟ್ರೆ ಟ್ರಾನ್ಸ್‌ಕ್ರಿಪ್ಟಲ್ಲಿ, ಅಂದ್ರೆ ಅಲ್ಲಿಯ ಮಾರ್ಕ್ಸ್‌ಕಾರ್ಡಲ್ಲಿ, ಮಧ್ಯೆ ಬಿಟ್ಟ ಅನ್ನೋದಕ್ಕೆ ಡಬ್ಲ್ಯೂ ಅಂತ ಕೂರುತ್ತೆ, 12ಕ್ಕಿಂತ ಕೆಳಗೆ ಇಳಿದ್ರೆ ಇಮಿಗ್ರೇಶನ್ ತಲೆನೋವು. ಏನೇ ಬಿಡೋ ಮುಂಚೆ ನಿನ್ನ ಡಿಎಸ್-2019 ಫಾರಂ ಕೊಟ್ಟ ಆಫೀಸರನ್ನ ಕೇಳದೆ ಬಟನ್ ಒತ್ತಬೇಡ.

ಪ್ರಶ್ನೆ: ಮೇಡಂ, ನಾನು ಜರ್ಮನಿಯಿಂದ ವಾಪಸ್ ಬಂದಾಯ್ತು. ಟ್ರಾನ್ಸ್‌ಕ್ರಿಪ್ಟಲ್ಲಿ 1.7, 2.0, 2.3 ಅಂತ ಇದೆ. ಕಾಲೇಜಿನಲ್ಲಿ ಇಷ್ಟು ಕಡಿಮೆ ಯಾಕೆ ಅಂತ ಕೇಳ್ತಾರೆ. ಹೊಳಲ್ಕೆರೆ ತಾಲ್ಲೂಕಿನ ಓದುಗ.

ಉತ್ತರ: ಅಯ್ಯೋ ಇದು ನಂಗೂ ಆಗಿತ್ತು. ನಮ್ಮ ಆಫೀಸಿನ ಗುಮಾಸ್ತರು ಕನ್ನಡಕ ಮೂಗಿನ ತುದಿಗೆ ಇಳಿಸಿ ನನ್ನ 1.7 ನೋಡಿ, "ಹತ್ತಕ್ಕಾ? ಹೋಗ್ಲಿ ಬಿಡಮ್ಮ, ಅಲ್ಲಿ ತನಕ ಹೋಗಿ ಬಂದ್ಯಲ್ಲ" ಅಂತ ಸಮಾಧಾನ ಮಾಡಿದ್ರು.

ಅಲ್ಲಿ 1.0 ಎಲ್ಲಕ್ಕಿಂತ ಮೇಲು, 4.0 ಪಾಸಿನ ಕೊನೆ ಮೆಟ್ಲು, 5.0 ಫೇಲು. ಜರ್ಮನಿಯವರು ಹೊರಗಿನ ಮಾರ್ಕ್ಸನ್ನ ತಮ್ಮ ಲೆಕ್ಕಕ್ಕೆ ತಗೊಳ್ಳೋಕೆ ಬವೇರಿಯನ್ ಸೂತ್ರ ಅಂತ ಬಳಸ್ತಾರೆ, ಅದನ್ನೇ ತಿರುಗಿಸಿ ಹಾಕಿದ್ರೆ, 100ಕ್ಕೆ 40 ಪಾಸ್ ಅಂತ ಇಟ್ಕೊಂಡ್ರೆ, ನಿನ್ನ 1.7 ಅಂದ್ರೆ 86, 2.0 ಅಂದ್ರೆ 80, 2.3 ಅಂದ್ರೆ 74. ನಿಮ್ಮ ಯೂನಿವರ್ಸಿಟಿ ಇದೇ ಸೂತ್ರ ಹಿಡಿಯುತ್ತೆ ಅಂತ ಇಲ್ಲ, ಅವರದ್ದೇ ಟೇಬಲ್ ಇರಬಹುದು, ಪರೀಕ್ಷಾ ವಿಭಾಗದಲ್ಲಿ ಕೇಳು. ಜಗಳ ಆಡಬೇಡ. ಟ್ರಾನ್ಸ್‌ಕ್ರಿಪ್ಟ್ ಹಿಂದೆನೋ ಕೊನೆ ಪುಟದಲ್ಲೋ ಗ್ರೇಡಿಂಗ್ ಸ್ಕೇಲ್ ಅಂತ ಸಣ್ಣಕ್ಷರದಲ್ಲಿ ಇರುತ್ತೆ, ಇಲ್ಲದಿದ್ರೆ ಅಲ್ಲಿಯ ಇಂಟರ್‌ನ್ಯಾಷನಲ್ ಆಫೀಸಿಗೆ ಮೇಲ್ ಮಾಡಿ ತರ್ಸು, ಅದನ್ನ ದೊಡ್ಡದಾಗಿ ಜೆರಾಕ್ಸ್ ಮಾಡ್ಸಿ, ಸಬ್ಜೆಕ್ಟುಗಳ ಮಾಡ್ಯೂಲ್ ಪುಟ, ಸೈನ್ ಆಗಿರೋ ಅಗ್ರಿಮೆಂಟ್ ಎಲ್ಲಾ ಸೇರಿಸಿ ಒಂದೇ ಸೆಟ್ ಮಾಡಿ ಕೊಡು. ಸ್ಟೇಪ್ಲರ್ ಹೊಡಿ, ಗುಂಡುಪಿನ್ ಬೇಡ, ಫೈಲಿಂದ ಫೈಲಿಗೆ ಹೋಗೋವಾಗ ಗುಂಡುಪಿನ್ನಿನ ಪುಟನೇ ಮೊದಲು ಉದುರೋದು.